ಮೋಡದ ಬೆನ್ನು ಹತ್ತಿದ ಅಳಿಯಂದಿರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಶಾಂತಮೂರ್ತಿಗೆ ನಲವತ್ತಮೂರನೇ ವಯಸ್ಸಿನಲ್ಲಿ ಸಿಡಿಲಿನ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಬೇರೆ ಗಂಡಸರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೆ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆ ಬರುತ್ತದೆ. ಎರಡಕ್ಕೂ ನಮ್ಮ ಕಡೆ ಔಷಧಿ ಉಂಟು. ಸಿಡಿಲಿನ ಹುಚ್ಚಿಗೆ ಏನು ಕೊಡಬೇಕೆಂಬುದು ಮಾತ್ರ ಅವನ ಹೆಂಡತಿ ನಾಗಶ್ರೀಗೂ ತಿಳಿಯಲಿಲ್ಲ.

ಹುಚ್ಚು ಹತ್ತಿಸಿದ್ದು ಫೋನು. ಅಮೆರಿಕದಲ್ಲಿ ಯಾರೋ ನಾಲ್ಕು ಜನ ಜೀಪಿನಲ್ಲಿ ಕೂತು ಬಿರುಗಾಳಿಯ ಹಿಂದೆ ಓಡುತ್ತಾರೆ, ಗುಡುಗು ಸಿಡಿಲಿನ ಫೋಟೋ ತೆಗೆಯುತ್ತಾರೆ, ಅದನ್ನೇ ಉದ್ಯೋಗ ಅನ್ನುತ್ತಾರೆ. ಶಾಂತಮೂರ್ತಿ ಆ ವಿಡಿಯೋವನ್ನು ಹದಿನೇಳು ಸಲ ನೋಡಿದ. ಇಪ್ಪತ್ತು ವರ್ಷದಿಂದ ಅವನು ತೆಗೆದದ್ದೆಲ್ಲ ಮನುಷ್ಯರ ಮುಖ. ಮುಖದವರು ಸುಮ್ಮನಿರುವುದಿಲ್ಲ. ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಅನ್ನುತ್ತಾರೆ, ಹೊಟ್ಟೆ ಒಳಗೆ ಹಾಕಿ ಅನ್ನುತ್ತಾರೆ. ಮೋಡ ಇವತ್ತಿನವರೆಗೆ ಯಾರಿಗೂ ಹಾಗೆ ಹೇಳಿಲ್ಲ. ಇದು ಅವನ ಮನಸ್ಸಿಗೆ ತುಂಬ ಹಿಡಿಸಿತು.

ಜೀಪು ಇರಲಿಲ್ಲ, ಮೊಪೆಡ್ ಇತ್ತು. ಅದರ ಮುಂದೆ ನಂಬರ್ ಪ್ಲೇಟ್ ಬರೆಯುವವನಿಂದ ‘ಸ್ಟಾರ್ಮ್ ಚೇಸರ್’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಬಟ್ಟೆ ಒಣಹಾಕುವ ಹಗ್ಗದಲ್ಲಿ ಹಿಂದಕ್ಕೆ ಕಟ್ಟಿದ. ಮೋಡ ಯಾವ ಕಡೆ ಬೆಳೆಯುತ್ತಿದೆ ಎಂದು ಕೆಂಪು ಹಳದಿ ಬಣ್ಣದಲ್ಲಿ ತೋರಿಸುವ ಒಂದು ಆ್ಯಪನ್ನು ಫೋನಿಗೆ ಇಳಿಸಿಕೊಂಡ. ಬಸ್ ಸ್ಟ್ಯಾಂಡಿನ ಹತ್ತಿರ ಪೊಲೀಸಿನವನೊಬ್ಬ ಗಾಡಿ ನಿಲ್ಲಿಸಿ, ಕೆಂಪು ಅಕ್ಷರ ಓದಿ, “ಇದು ಯಾವ ಇಲಾಖೆ ಸಾ?” ಎಂದು ಕೇಳಿದ. “ಖಾಸಗಿ” ಎಂದು ಶಾಂತಮೂರ್ತಿ ಗಂಭೀರವಾಗಿ ಉತ್ತರ ಕೊಟ್ಟ. ಪೊಲೀಸಿನವನು ಸಲ್ಯೂಟ್ ಹೊಡೆದು ಬಿಟ್ಟುಬಿಟ್ಟ.

ಒಂದೇ ಒಂದು ತೊಡಕಿತ್ತು. ನಮ್ಮ ಸೀಮೆಯಲ್ಲಿ ಗುಡುಗು ಮಳೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮದುವೆಗಳು ನಡೆಯುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಈ ವರ್ಷವಂತೂ ಶಾಂತಮೂರ್ತಿಯ ನಾದಿನಿ ದೀಪಶ್ರೀಯ ಮದುವೆಯೇ ಮೇ ತಿಂಗಳಿಗೆ ಗೊತ್ತಾಗಿತ್ತು. ಅವನು ನಾಗಶ್ರೀಯ ಕೈಹಿಡಿದಾಗ ದೀಪಶ್ರೀ ಒಂಬತ್ತು ವರ್ಷದ ಹುಡುಗಿ. ಅಂದಿನಿಂದ ಅವಳ ಪ್ರತಿ ಹುಟ್ಟುಹಬ್ಬ, ಪ್ರತಿ ಸ್ಕೂಲ್ ಡೇ, ಕೊನೆಗೆ ಗಂಡಿನ ಮನೆಗೆ ಕಳಿಸಿದ ಫೋಟೋ ಕೂಡ ಅವನೇ ತೆಗೆದದ್ದು. “ನನ್ ಮದ್ವೆ ಫೋಟೋ ಭಾವನೇ ತೆಗೀಬೇಕು, ಬೇರೆ ಯಾರಾದ್ರೂ ಬಂದ್ರೆ ನಾನು ನಗಲ್ಲ” ಎಂದು ಅವಳು ಎಲ್ಲರೆದುರಿಗೇ ಹೇಳಿದ್ದಳು. ಶಾಂತಮೂರ್ತಿ ಆ ಮಾತನ್ನು ಎದೆಯಲ್ಲಿಟ್ಟುಕೊಂಡಿದ್ದ. ಸಿಡಿಲಿನ ಫೋಟೋ ಬಂದರೆ ಬರಲಿ, ಬಿಟ್ಟರೆ ಬಿಡಲಿ. ದೀಪುವಿನ ಮದುವೆಯಲ್ಲಿ ಕ್ಯಾಮೆರಾ ಹಿಡಿದು ಮುಂದೆ ನಿಲ್ಲುವವನು ಮಾತ್ರ ತಾನೇ ಆಗಿರಬೇಕು. ಅಷ್ಟು ಆಸೆಪಡುವ ಹಕ್ಕು ಒಬ್ಬ ಹಿರಿ ಅಳಿಯನಿಗೆ ಇದೆ.

ಮೊದಲ ಎಡವಟ್ಟು ಆದದ್ದು ಯಳಂದೂರಿನಲ್ಲಿ. ಅಲ್ಲಿ ಮಾವ ರುದ್ರಸ್ವಾಮಿಯವರ ತಂಗಿ ಸುವರ್ಣಮ್ಮ ಇದ್ದಾರೆ. ಒಂದು ಮಧ್ಯಾಹ್ನ ಆ್ಯಪಿನಲ್ಲಿ ಯಳಂದೂರು ಕೆಂಪಗಾಗುವ ಲಕ್ಷಣ ಕಂಡಿತು. ಶಾಂತಮೂರ್ತಿ ಮೊಪೆಡ್ ಏರಿ ಹೊರಟು, ಸೀದಾ ಆಕೆಯ ಮನೆ ಬಾಗಿಲಿಗೆ ಬಂದ.

“ಸುವರ್ಣತ್ತೆ, ಮಹಡಿ ಮೇಲೆ ಒಂದರ್ಧ ಗಂಟೆ ನಿಂತ್ಕೊಳ್ಲಾ? ಮೋಡದ ಫೋಟೋ ತೆಗೀಬೇಕು.”

“ಯಾವ್ ಮೋಡನಪ್ಪ? ಬಿಸ್ಲು ಸುಡ್ತಾ ಅದ.”

“ಇನ್ನ ಕಾಲು ಗಂಟೆಗೆ ಬರ್ತದೆ, ನೋಡ್ತಿರಿ” ಎಂದು ಅವನು ಹೆಮ್ಮೆಯಿಂದ ಹೇಳಿ ಮೆಟ್ಟಿಲು ಹತ್ತಿದ.

ಮಹಡಿಯ ಮೇಲೆ ಏಳು ಚಾಪೆಗಳಲ್ಲಿ ಅಕ್ಕಿ ಸಂಡಿಗೆ ಒಣಗುತ್ತಿತ್ತು. ದೀಪಶ್ರೀಯ ಮದುವೆಗೆಂದೇ ಮೂರು ದಿನದಿಂದ ಇಟ್ಟ ಸಂಡಿಗೆ. ಮಳೆ ಬರುತ್ತದೆ ಎಂದು ತಿಳಿದಿದ್ದ ಮನುಷ್ಯ ಇಡೀ ಯಳಂದೂರಿನಲ್ಲಿ ಆ ಹೊತ್ತಿಗೆ ಅವನೊಬ್ಬನೇ. ಆದರೆ ಆಕಾಶ ನೋಡುವವನಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಸ್ಟ್ಯಾಂಡಿನ ಕಾಲೂರಲು ಜಾಗ ಸಾಲದೆ ಎರಡು ಚಾಪೆಗಳನ್ನು ಅವನೇ ಪಕ್ಕಕ್ಕೆ ಸರಿಸಿದ. ಕಾಲು ಗಂಟೆಗೆ ಸರಿಯಾಗಿ ಗುಡುಗಿತು. ಸುವರ್ಣಮ್ಮ ಕೂಗಿಕೊಂಡು ಮಹಡಿಗೆ ಓಡಿ ಬರುವಷ್ಟರಲ್ಲಿ ಐದು ಚಾಪೆಯ ಸಂಡಿಗೆ ಮತ್ತೆ ಹಿಟ್ಟಾಗಿತ್ತು.

ಅವತ್ತು ಅವನು ಮೂವತ್ತು ಫೋಟೋ ತೆಗೆದ. ಮಿಂಚಿನ ಫೋಟೋ ತೆಗೆಯಲು ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟು ಕಾಯಬೇಕು. ಆ ಅರ್ಧ ನಿಮಿಷದಲ್ಲಿ ಮಳೆಹನಿ ಲೆನ್ಸಿನ ಮೇಲೆ ಕೂತು ಎಲ್ಲ ಬೆಳ್ಳಗಾಗುತ್ತಿತ್ತು. ಸರಿಯಾಗಿ ಬಂದದ್ದು ಒಂದೇ. ಮಿಂಚಿನ ಬೆಳಕಿನಲ್ಲಿ ತಲೆಯ ಮೇಲೆ ಚಾಪೆ ಹೊತ್ತು, ಬಾಯಿ ತೆರೆದು ಓಡುತ್ತಿರುವ ಸುವರ್ಣಮ್ಮ. ಅಪರೂಪದ ಫೋಟೋ. ಅವನು ಅದನ್ನು ಪ್ರೀತಿಯಿಂದ ಆಕೆಯ ವಾಟ್ಸ್ಯಾಪಿಗೆ ಕಳಿಸಿದ. ಕಳಿಸಬಾರದಿತ್ತು.

ಎರಡನೆಯದು ಸತ್ತೇಗಾಲದಲ್ಲಿ ಆಯಿತು. ರಸ್ತೆಯುದ್ದಕ್ಕೂ ಬೇಸಿಗೆ ಭತ್ತ ಹರಡಿದ್ದರು. ಶಾಂತಮೂರ್ತಿ ಮೊಪೆಡ್ ನಿಲ್ಲಿಸಿ ಸ್ಟ್ಯಾಂಡ್ ಬಿಚ್ಚುತ್ತಿದ್ದಂತೆಯೇ ದಪ್ಪ ಹನಿ ಬಿತ್ತು. ಭತ್ತದವರು ಮೂಟೆ ಟಾರ್ಪಾಲು ಹಿಡಿದು ಓಡಾಡುವಾಗ ನಡುವೆ ಒಬ್ಬ ಮನುಷ್ಯ ರೇನ್‌ಕೋಟು ಹಾಕಿಕೊಂಡು, ಮೊದಲೇ ತಯಾರಾಗಿ, ನಗುತ್ತ ನಿಂತದ್ದನ್ನು ಇಡೀ ಸತ್ತೇಗಾಲ ನೋಡಿತು. ಮೂರನೆಯದು ಹನೂರಿನ ಒಂದು ಮದುವೆ. ಅಲ್ಲಿ ಅವನು ಧಾರೆಯ ಫೋಟೋ ತೆಗೆಯುತ್ತ ತೆಗೆಯುತ್ತ, “ಒಂದ್ ನಿಮಿಷ ಅಂಗೇ ಇರಿ” ಎಂದು ಗಂಡುಹೆಣ್ಣಿಗೆ ಹೇಳಿ, ಕ್ಯಾಮೆರಾ ಸಮೇತ ಬಯಲಿಗೆ ಓಡಿದ. ಗಂಡುಹೆಣ್ಣು ಕೈಮೇಲೆ ಕೈಯಿಟ್ಟುಕೊಂಡು ಹಾಗೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಶಾಮಿಯಾನ ಅವರ ಮೇಲೆಯೇ ಮಲಗಿತು.

ಸ್ಟುಡಿಯೋ ಪಕ್ಕದ ಟೀ ಅಂಗಡಿಯ ಪರಮೇಶ ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ. ಕೊಳ್ಳೇಗಾಲದಲ್ಲಿ ಹೊಸ ಜ್ಞಾನ ಯಾವುದು ಹುಟ್ಟಿದರೂ ಹುಟ್ಟುವುದು ಅವನ ಅಂಗಡಿಯಲ್ಲೇ.

“ಮೂರ್ತಣ್ಣ, ತಪ್ಪು ತಿಳ್ಕೋಬ್ಯಾಡ. ನೀನು ಸ್ಟ್ಯಾಂಡ್ ನಿಲ್ಸಿದ್ ಕಡೆಗೆಲ್ಲ ಮಳೆ ಬರ್ತದೆ ಕಣಣ್ಣ.”

“ಅಲ್ಲ ಪರಮೇಶ, ಮಳೆ ಬರೋ ಕಡೆಗೆ ನಾನು ಓಗ್ತೀನಿ. ನಾನ್ ಓದ ಕಡೆಗೆ ಮಳೆ ಬರಲ್ಲ.”

“ಎರಡೂ ಒಂದೇ ಅಲ್ವಾ? ನೀನೂ ಇರ್ತೀಯ, ಮಳೆನೂ ಇರ್ತದೆ.”

“ಒಂದೇ ಅಲ್ಲ ಕಣಪ್ಪ. ಯಾವ್ದು ಮೊದ್ಲು ಅನ್ನೋದು ಮುಖ್ಯ.”

“ಮೊದ್ಲು ನೀನೇ ತಾನೆ ಬಂದಿರೋದು? ಸುವರ್ಣಮ್ಮೋರ ಮನೆಗೆ ನೀನು ಕಾಲು ಗಂಟೆ ಮುಂಚೆ ಓಗಿದ್ಯಂತೆ. ಬರ್ತದೆ ಅಂತ ಬಾಯಿಬಿಟ್ಟು ಬೇರೆ ಏಳಿದ್ಯಂತೆ.”

ಶಾಂತಮೂರ್ತಿ ಫೋನ್ ತೆಗೆದು ಆ್ಯಪು ತೋರಿಸಿದ. ಪರಮೇಶ ಕೆಂಪು ಹಳದಿ ಬಣ್ಣಗಳನ್ನು ಭಕ್ತಿಯಿಂದ ನೋಡಿ, “ಇದ್ರಲ್ಲಿ ಎಲ್ಲಿ ಒತ್ತಿದ್ರೆ ಬರ್ತದೆ?” ಎಂದು ಕೇಳಿದ.

ಒಂದು ವಾರದಲ್ಲಿ ಸುದ್ದಿ ಮೂರು ತಾಲ್ಲೂಕು ಸುತ್ತಿತು. ಗೊತ್ತಾಗಿದ್ದ ನಾಲ್ಕು ಮದುವೆಯವರು ಫೋನ್ ಮಾಡಿ, “ನಮ್ ಹುಡುಗನ ಫ್ರೆಂಡೇ ತೆಗೀತಾನಂತೆ ಸಾ” ಎಂದರು. ಒಂದು ಸರ್ಕಾರಿ ಕಚೇರಿಯ ಗುಮಾಸ್ತ ಮಫ್ಲರ್ ಸುತ್ತಿಕೊಂಡು ಸ್ಟುಡಿಯೋಗೆ ಬಂದ. ಬಯಲಿನಲ್ಲಿ ಸಭೆಯಿದೆ, ಮೇಲಿನವರು ಬರುತ್ತಾರೆ, ಗುರುವಾರ ತಾವು ಊರಲ್ಲಿರುತ್ತೀರೋ ಹೇಗೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿ, ಇರುವುದಿಲ್ಲ ಎಂದು ಮಾತು ತೆಗೆದುಕೊಂಡು ಹೋದ. ಅಗಸರ ಬೀದಿಯಲ್ಲಿ ಮೊಪೆಡ್ ಸದ್ದು ಕೇಳಿದರೆ ಹಗ್ಗದ ಮೇಲಿನ ಬಟ್ಟೆ ಒಳಕ್ಕೆ ಹೋಗತೊಡಗಿತು. ನಾಗಶ್ರೀ ಇದನ್ನೆಲ್ಲ ನೋಡಿ ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು.

“ರೀ, ಅಪ್ಪನ ಕಿವಿಗೂ ಬಿದ್ದದೆ. ಸುವರ್ಣತ್ತೆ ಆ ಫೋಟೋನ ದೊಡ್ಡದು ಮಾಡ್ಸಿ ತೋರ್ಸವ್ರೆ” ಎಂದಳು.

ಮುಳ್ಳೂರಿನ ರುದ್ರಸ್ವಾಮಿಯವರು ಕಬ್ಬು, ತೆಂಗು, ದೊಡ್ಡ ಹಜಾರದ ಮನೆ ಇರುವವರು. ಮಗಳ ಮದುವೆಯನ್ನು ಕಲ್ಯಾಣ ಮಂಟಪದಲ್ಲಿ ಮಾಡಿ ಎಂದು ಯಾರಾದರೂ ಹೇಳಿದರೆ, ಅವರನ್ನು ಎರಡು ತಿಂಗಳು ಮಾತನಾಡಿಸುತ್ತಿರಲಿಲ್ಲ. ಅವರ ಮನೆತನದಲ್ಲಿ ಮದುವೆ ಎಂದರೆ ಮನೆ ಮುಂದೆ ಹಸಿರು ಚಪ್ಪರ, ಅದರ ಮುಂದೆ ಬಯಲಿನಲ್ಲಿ ಶಾಮಿಯಾನ, ಬಂದವರಿಗೆಲ್ಲ ನೆಲದ ಮೇಲೆ ಎಲೆ. ಭಾನುವಾರ ಸಂಜೆ ರಿಸೆಪ್ಷನ್, ಸೋಮವಾರ ಬೆಳಗ್ಗೆ ಮುಹೂರ್ತ ಎಂದು ಗೊತ್ತಾಗಿತ್ತು. ಅದಕ್ಕೆ ಎಂಟು ದಿನ ಇರುವಾಗ ಅವರು ಹೆಂಡತಿ ಪುಟ್ಟಮಲ್ಲಮ್ಮನನ್ನು ಕರೆದುಕೊಂಡು, ಒಂದು ಗೊನೆ ಬಾಳೆಹಣ್ಣು ಹಿಡಿದು ಸ್ಟುಡಿಯೋಗೆ ಬಂದರು. ರುದ್ರಸ್ವಾಮಿಯವರು ಅಳಿಯನ ಮೇಲೆ ಎಷ್ಟು ಸಿಟ್ಟಾಗಿರುತ್ತಾರೋ ಅಷ್ಟು ಮರ್ಯಾದೆ ಕೊಟ್ಟು ಮಾತನಾಡುತ್ತಾರೆ. ಅವತ್ತು ಬಹಳ ಮರ್ಯಾದೆಯಿತ್ತು.

“ಅಳಿಯಂದ್ರೆ, ತಾವು ದೊಡ್ ಮನ್ಸ್ ಮಾಡ್ಬೇಕು.”

“ಅದೇನು ಏಳಿ ಮಾವ.”

“ನನ್ಗ ಇವೆಲ್ಲ ನಂಬ್ಕೆ ಇಲ್ಲ. ಒಂದ್ ಚೂರೂ ಇಲ್ಲ. ಆದ್ರ ಶಾಮಿಯಾನದವ್ನು ನಿಮ್ ಎಸ್ರು ಕೇಳುದ್ ಕೂಡ್ಲೆ ಗಳ ಕಿತ್ಕಂಡು ಓಯ್ತೀನಿ ಅಂತಾವ್ನ. ಅಡಿಗೆಯವ್ನು ಒಲೆ ಒಳಗ ಆಕ್ತೀನಿ ಅಂತಾವ್ನ. ಸಾವ್ರ ಜನಕ್ಕ ಅನ್ನ ಒಳಗ ಬೇಯ್ಸುಕ್ಕಾದದ?”

“ನಾನು ಕ್ಯಾಮೆರಾ ತರಲ್ಲ ಮಾವ. ಸುಮ್ನೆ ಬಂದು ಮೂಲೇಲಿ ಕೂತ್ಕೋತೀನಿ.”

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟಮಲ್ಲಮ್ಮ ಸೆರಗಿನ ತುದಿ ತಿರುಚುತ್ತ, “ಮೂಲೇಲಿ ಕೂತ್ರೂ ಅದ್ಕ ಗೊತ್ತಾಯ್ತದಲ್ಲಪ್ಪ” ಎಂದರು. ಅದು ಎಂದರೆ ಮಳೆ.

ರುದ್ರಸ್ವಾಮಿಯವರು ಎಲ್ಲ ಏರ್ಪಾಡು ಮಾಡಿಕೊಂಡೇ ಬಂದಿದ್ದರು. ಹನೂರು ತಾಲ್ಲೂಕಿನ ಆ ತುದಿಯಲ್ಲಿ, ಕಾಡಿನಂಚಿನ ಹೂಗ್ಯಂನಲ್ಲಿ ಮಾದಸ್ವಾಮಿ ಎಂಬುವರು ಅವರಿಗೆ ಹಳೆಯ ಪರಿಚಯ. ಅಲ್ಲಿ ಉತ್ತ ಹೊಲಗಳು ಒಂದು ಹದಮಳೆಗೆ ಕಾಯುತ್ತಿದ್ದವು. ಹೂಗ್ಯಂನವರಿಗೆ ಮಳೆ ಬೇಕು, ಮುಳ್ಳೂರಿಗೆ ಬೇಡ. ಅಳಿಯಂದಿರು ಭಾನುವಾರ, ಸೋಮವಾರ ಎರಡು ದಿನ ಅಲ್ಲಿದ್ದುಬಿಟ್ಟರೆ ಎರಡೂ ಊರಿಗೆ ಉಪಕಾರ. ಫೋಟೋಗೆ ಮೈಸೂರಿನಿಂದ ಹಾರುವ ಕ್ಯಾಮೆರಾದವರನ್ನು ಕರೆಸುವುದು ಎಂದೂ ತೀರ್ಮಾನವಾಗಿತ್ತು.

ಶಾಂತಮೂರ್ತಿಗೆ ನಿಜವಾಗಿಯೂ ಅಳು ಬಂತು. ಅಳಿಯನೊಬ್ಬ ಮಾವನ ಮುಂದೆ ಅಳಬಾರದು ಎಂದು ಬಾಳೆಹಣ್ಣು ಸುಲಿದು ಬಾಯಿಗೆ ಹಾಕಿಕೊಂಡ. ದೀಪಶ್ರೀ ಅಂದು ರಾತ್ರಿ ಫೋನ್ ಮಾಡಿ, “ನೀವು ಇಲ್ದೆ ನಾನು ಸ್ಟೇಜ್ ಹತ್ತಲ್ಲ ಭಾವ” ಎಂದು ಅತ್ತಳು. “ಅಳ್ಬೇಡ ಕಣವ್ವ, ನಗುವಾಗ ಎಡಗಡೆ ತಿರುಗು, ಅದೇ ನಿನಗೆ ಚೆಂದ” ಎಂದು ಸಮಾಧಾನ ಹೇಳಿ ಫೋನಿಟ್ಟ. ಆಮೇಲೆ ಎರಡು ದಿನ ಅವನು ಆ್ಯಪು ತೆರೆದು ನೋಡಲೇ ಇಲ್ಲ.

ಭಾನುವಾರ ಮಧ್ಯಾಹ್ನ ಹನೂರಿನಲ್ಲಿ ಬಸ್ಸು ಬದಲಾಯಿಸಿ ಅವನು ಹೂಗ್ಯಂನಲ್ಲಿ ಇಳಿದಾಗ ಊರಿಗೆ ಊರೇ ಬಂದು ನಿಂತಿತ್ತು. ಮಾದಸ್ವಾಮಿ ಚೆಂಡುಹೂವಿನ ಹಾರ ಹಾಕಿದರು. ಪಕ್ಕದ ಕೇರಿಯ ಮುದುಕರೊಬ್ಬರು ತಮಿಳಿನಲ್ಲಿ, “ಎಪ್ಪೊ ವರುಮ್ ಸಾಮಿ?” ಎಂದು ಕೇಳಿದರು, ಯಾವಾಗ ಬರುತ್ತದೆ ಎಂದು. ಶಾಂತಮೂರ್ತಿ ಆಕಾಶ ನೋಡಿದ. ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿತ್ತು. ಫೋನ್ ನೋಡಿದ, ನೆಟ್‌ವರ್ಕ್ ಇರಲಿಲ್ಲ. “ನೋಡಣ” ಎಂದ. ಅವನ ಆ ಒಂದು ಮಾತಿಗೆ ಜನ ಕೈಮುಗಿದರು.

ಮುದ್ದೆ, ಅವರೆಕಾಳು ಸಾರಿನ ಊಟವಾದ ಮೇಲೆ ಅವನನ್ನು ಅರಳಿಮರದ ಮುಂದೆ ಒಂದು ಮಣೆಯ ಮೇಲೆ ಕೂರಿಸಿದರು. ಮಾದಸ್ವಾಮಿಯವರ ಹೆಂಡತಿ ಶಿವನಂಜಮ್ಮ ಮುಂದೆ, ಅವರ ಹಿಂದೆ ನಾಲ್ಕು ಜನ ಹೆಂಗಸರು, ಎಲ್ಲರ ಸೊಂಟದಲ್ಲೂ ತುಂಬಿದ ಬಿಂದಿಗೆ.

“ಇದೇನ್ರಮ್ಮ ಇದು?” ಎಂದು ಶಾಂತಮೂರ್ತಿ ಎದ್ದ.

“ಕೂತ್ಕಳಿ ಸಾ, ಪದ್ಧತಿ. ಮಳೆ ಬರ್ದೆ ಇದ್ದಾಗ ಮಣ್ಣಲ್ಲಿ ಮಳೆರಾಯನ್ನ ಮಾಡಿ ಮಣೆ ಮ್ಯಾಲ ಕೂರ್ಸಿ ನೀರು ಉಯ್ತೀವಿ. ಈ ವರ್ಷ ನೀವೇ ಬಂದಿದ್ದರಿ, ಮಣ್ಣಿಂದು ಯಾಕ ಅಂತ ಮಾಡ್ಲಿಲ್ಲ.”

“ನಾನು ಫೋಟೋಗ್ರಾಫರು ಕಣಮ್ಮ.”

“ಯಾರಾದ್ರೇನ್ ಸಾ, ಕಣ್ಮುಚ್ಕಳಿ.”

ಕ್ಯಾಮೆರಾ ಚೀಲವನ್ನು ಮಾದಸ್ವಾಮಿಯವರ ಕೈಗೆ ಕೊಡುವಷ್ಟು ಸಮಯ ಮಾತ್ರ ಸಿಕ್ಕಿತು. ಐದು ಬಿಂದಿಗೆ ನೀರು ಒಂದರ ಹಿಂದೊಂದು ತಲೆಯ ಮೇಲೆ ಇಳಿಯಿತು. ಹಾರದ ಚೆಂಡುಹೂವು ಕಿವಿಯಲ್ಲಿ, ಜೇಬಿನಲ್ಲಿ ಸೇರಿಕೊಂಡಿತು. ಆ ಸುಡುಬಿಸಿಲಿನಲ್ಲಿ ಇಡೀ ಹೂಗ್ಯಂನಲ್ಲಿ ನೆನೆದಿದ್ದ ವಸ್ತು ಅವನೊಬ್ಬನೇ. ಬಟ್ಟೆ ಒಣಗುವವರೆಗೆ ಉಟ್ಟುಕೊಳ್ಳಲು ಮಾದಸ್ವಾಮಿ ತಮ್ಮ ಪಂಚೆ, ಒಂದು ಟವೆಲು ಕೊಟ್ಟರು.

ಸಂಜೆ ಆರಾದರೂ ತಲೆಯ ಮೇಲೆ ಒಂದು ತುಂಡು ಮೋಡ ಬರಲಿಲ್ಲ. ಜನರ ಕಣ್ಣು ತಪ್ಪಿಸಿಕೊಳ್ಳಲೆಂದೇ ಶಾಂತಮೂರ್ತಿ ಊರ ಪಕ್ಕದ ಬಂಡೆಗುಡ್ಡ ಹತ್ತಿದ. ಮಾದಸ್ವಾಮಿಯವರು ನಂಬಿಕೆ ಬಿಡದೆ ಸ್ಟ್ಯಾಂಡ್ ಹೊತ್ತುಕೊಂಡು ಹಿಂದೆಯೇ ಬಂದರು. ಮೇಲೆ ಹತ್ತಿ, ಉಸಿರು ಬಿಟ್ಟು, ಪಶ್ಚಿಮಕ್ಕೆ ತಿರುಗಿದ ಶಾಂತಮೂರ್ತಿ ಹಾಗೇ ನಿಂತುಬಿಟ್ಟ.

ಬೆಟ್ಟಗಳ ಸಾಲಿನ ಆಚೆ, ದೂರದಲ್ಲಿ, ಒಂದು ಮೋಡ ನಿಂತಿತ್ತು. ಕೆಳಗೆ ಕಪ್ಪು, ನಡುವೆ ನೇರಳೆ, ಮೇಲೆ ಮೇಲೆ ಹೋದಂತೆ ಮುಳುಗುವ ಸೂರ್ಯನ ಕೆಂಪು ಬಣ್ಣ ಹಿಡಿದು, ತುದಿಯಲ್ಲಿ ಚಪ್ಪರದಂತೆ ಅಗಲವಾಗಿ ಹರಡಿತ್ತು. ಅದರ ಹೊಟ್ಟೆಯಲ್ಲಿ ಮಿಂಚು ಹೊತ್ತಿ ಹೊತ್ತಿ ಆರುತ್ತಿತ್ತು. ಸದ್ದಿಲ್ಲ, ಗಾಳಿಯಿಲ್ಲ, ಲೆನ್ಸಿನ ಮೇಲೆ ಒಂದು ಹನಿ ಇಲ್ಲ. ಎರಡು ತಿಂಗಳು ತಾನು ಮಾಡಿದ ತಪ್ಪು ಏನೆಂದು ಅವನಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ಆನೆಯ ಹೊಟ್ಟೆಗೆ ಮೂಗು ತಾಗಿಸಿ ನಿಂತು ಆನೆಯ ಫೋಟೋ ತೆಗೆಯಲು ಒದ್ದಾಡಿದ್ದ. ಮೋಡವನ್ನು ನೋಡಬೇಕಾದರೆ ಮೋಡದಿಂದ ದೂರ ಇರಬೇಕಿತ್ತು.

ಸ್ಟ್ಯಾಂಡ್ ಊರಿದ. ಕ್ಯಾಮೆರಾದ ಕಣ್ಣು ತೆರೆದ. ಅದೇ ಹೊತ್ತಿಗೆ ಮೋಡದ ಎದೆಯಿಂದ ಬೆಟ್ಟದ ಹಿಂದಕ್ಕೆ ಒಂದು ಮಿಂಚು ಬೇರಿನಂತೆ ಕವಲೊಡೆದು ಇಳಿಯಿತು. ಸಿಕ್ಕಿತು. ಪರದೆಯ ಮೇಲೆ ಅದನ್ನು ನೋಡಿ ಶಾಂತಮೂರ್ತಿ ಮಾದಸ್ವಾಮಿಯವರ ಪಂಚೆಯಲ್ಲೇ ಎರಡು ಹೆಜ್ಜೆ ಕುಣಿದ.

ಮಾದಸ್ವಾಮಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಅದು ಯಾವೂರ್ ಮ್ಯಾಲ ಸಾ ಉಯ್ತಾ ಅದ?”

“ನೋಡಿ, ಇಲ್ಲಿ ಹನೂರು. ಅದ್ರಿಂದಾಚೆಗೆ ಕೊಳ್ಳೇಗಾಲ. ಅದನ್ನೂ ದಾಟಿ ಆ ಕಡೆಗೆ...” ಶಾಂತಮೂರ್ತಿಯ ಬೆರಳು ಗಾಳಿಯಲ್ಲೇ ನಿಂತಿತು.

“ಯಾವೂರು ಸಾ?”

“ಮುಳ್ಳೂರು” ಎಂದ ಅವನು ಮೆಲ್ಲಗೆ.

ಅಲ್ಲಿ ಈ ಹೊತ್ತಿಗೆ ದೀಪು ಸ್ಟೇಜ್ ಹತ್ತುತ್ತಿರುತ್ತಾಳೆ. ಸಾವಿರ ಜನ ಎಲೆಯ ಮುಂದೆ ಕೂರುತ್ತಿರುತ್ತಾರೆ. ಅವನ ಒಂದು ಕೈ ಎದೆಯ ಮೇಲೆ ಹೋಯಿತು. ಇನ್ನೊಂದು ಕೈ ಮತ್ತೆ ಬಟನ್ ಒತ್ತಿತು. ಕಲಾವಿದರ ವಿಷಯದಲ್ಲಿ ಯಾವ ಕೈಯನ್ನು ನಂಬಬೇಕು ಎಂದು ಹೇಳುವುದು ಕಷ್ಟ.

ಬಂಡೆಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಬರುತ್ತಿತ್ತು. ಏಳೂವರೆಗೆ ಫೋನ್ ಹೊಡೆದುಕೊಂಡಿತು. ನಾಗಶ್ರೀ.

“ರೀ, ಅಲ್ಲಿ ಮಳೆ ಬಂತಾ?”

“ಇಲ್ಲ.”

“ಇಲ್ಲಿ ಬಂತು.”

ಅವಳು ಮುಂದೆ ಹೇಳಿದ್ದನ್ನು ಶಾಂತಮೂರ್ತಿ ತಲೆಯ ಮೇಲೆ ಟವೆಲು ಹೊದ್ದುಕೊಂಡು ಕೇಳಿದ. ಗಂಡುಹೆಣ್ಣು ಸ್ಟೇಜ್ ಹತ್ತುತ್ತಿದ್ದಂತೆಯೇ ಗಾಳಿ ಎದ್ದು ಕರೆಂಟು ಹೋಯಿತಂತೆ. ಶಾಮಿಯಾನ ಕಬ್ಬಿನ ಗದ್ದೆಗೆ ಹಾರಿತಂತೆ. ಮೈಸೂರಿನವರ ಹಾರುವ ಕ್ಯಾಮೆರಾ ತೆಂಗಿನಮರದಲ್ಲಿದೆ. ಕೈಲಿದ್ದ ಕ್ಯಾಮೆರಾದೊಳಗೆ ನೀರು ಹೋಗಿ, ಅವರು ಸಿಟ್ಟು ಮಾಡಿಕೊಂಡು ವ್ಯಾನ್ ಹತ್ತಿ ಹೊರಟೇಬಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಅಷ್ಟರಲ್ಲಿ ರುದ್ರಸ್ವಾಮಿಯವರು ಫೋನ್ ಕಿತ್ತುಕೊಂಡರು.

“ಅಳಿಯಂದ್ರೆ, ಬೆಳಿಗ್ಗೆ ಮೊದ್ಲುನೆ ಬಸ್ಸಿಗ ಬಂದ್ಬುಡಿ.”

“ನಾನಾ? ಮತ್ತೆ ಮುಹೂರ್ತಕ್ಕೆ ಮಳೆ...”

“ಬರ್ಲಿ ಬುಡಿ. ನಿಮ್ಮುನ್ನ ಕಳ್ಸಿ ತಪ್ ಮಾಡ್ಬುಟ್ಟಿ. ನಿಮ್ಮುನ್ನ ಉಡಿಕ್ಕಂಡೇ ಬಂದದ ಅದು. ಇಲ್ಲಿ ನೀವು ಕಾಣ್ನಿಲ್ಲ, ಸಿಟ್ ಮಾಡ್ಕಂಡು ಎಲ್ಲಾನೂ ಕಿತ್ತಾಕದ.”

ವಿಜ್ಞಾನದ ದೃಷ್ಟಿಯಿಂದ ಇದು ಹಿಂದಿನದಕ್ಕಿಂತಲೂ ಕೆಟ್ಟ ಸಿದ್ಧಾಂತ. ಆದರೆ ಶಾಂತಮೂರ್ತಿ ತಿದ್ದಲು ಹೋಗಲಿಲ್ಲ. ಬೆಳಗಿನ ಬಸ್ಸಿಗೆ ಹೊರಟಾಗ ಮಾದಸ್ವಾಮಿ ಬೇಸರ ಮಾಡಿಕೊಳ್ಳದೆ, “ಮುಂದ್ಲ ಸಲ ಬಂದಾಗ ಅದ್ರ ಮೂತಿನ ನಮ್ಮೊಲದ್ ಕಡೀಗೆ ತಿರುಗ್ಸಿ ಸಾ. ನಿನ್ನೆ ಮುಳ್ಳೂರ್ ಕಡೀಗೆ ಇಟ್ಬುಟ್ರಿ” ಎಂದು ಕ್ಯಾಮೆರಾವನ್ನು ತೋರಿಸಿ ಹೇಳಿದರು.

ಈ ಮಾತು ಬಸ್ಸಿನಲ್ಲಿ ಅವನನ್ನು ಕುಟುಕುತ್ತ ಬಂತು. ಮಾದಸ್ವಾಮಿಗೆ ಹೊಳೆದದ್ದು ಮಾವನಿಗೆ ಹೊಳೆಯದೇ ಇರುತ್ತದೆಯೇ? ಮಗಳ ಮದುವೆ ಮಳೆಗೆ ಕೊಚ್ಚಿಹೋಗುವಾಗ ಅಳಿಯ ಬಂಡೆಯ ಮೇಲೆ ನಿಂತು, ಅದರತ್ತ ಕ್ಯಾಮೆರಾ ಗುರಿಯಿಟ್ಟು, ಕುಣಿದ. ಕುಣಿದದ್ದು ನಿಜ. ಫೋಟೋವನ್ನು ಯಾರಿಗೂ ತೋರಿಸಬಾರದು ಎಂದು ತೀರ್ಮಾನ ಮಾಡಿಕೊಂಡ.

ಸೋಮವಾರ ಬಿಸಿಲು ಹೊಳೆಯುತ್ತಿತ್ತು. ಮುಹೂರ್ತದ ಫೋಟೋಗಳನ್ನು ಶಾಂತಮೂರ್ತಿಯ ಕೈಯೇ ತೆಗೆಯಿತು. ದೀಪಶ್ರೀ ಎಡಗಡೆಗೆ ತಿರುಗಿ ಚೆನ್ನಾಗಿಯೇ ನಕ್ಕಳು. ಆದರೆ ಊಟದ ಹೊತ್ತಿನಲ್ಲಿ ಹತ್ತಿರ ಬಂದು, “ನವಿಲು ಬಣ್ಣದ ಸೀರೇದು ಒಂದೂ ಫೋಟೋ ಇಲ್ಲ ಭಾವ. ರಿಸೆಪ್ಷನ್‌ದು ಒಂದೂ ಇಲ್ಲ” ಎಂದಳು. ಮೈಸೂರಿನವರ ಕ್ಯಾಮೆರಾದ ಜೊತೆಗೆ ಅದರಲ್ಲಿದ್ದದ್ದೂ ಹಾಳಾಗಿತ್ತು. ಜನರ ಫೋನುಗಳಲ್ಲಿ ಇದ್ದದ್ದು ಕತ್ತಲೆ, ಕಿರುಚಾಟ, ಯಾರದೋ ಕಾಲು. ಶಾಂತಮೂರ್ತಿ ತಲೆ ತಗ್ಗಿಸಿದ.

ಹದಿನೈದು ದಿನ ಕಳೆದು ಎಲ್ಲರೂ ಆಲ್ಬಮ್ಮಿಗೆ ಫೋಟೋ ಆರಿಸಲು ಸ್ಟುಡಿಯೋಗೆ ಬಂದರು. ದೀಪಶ್ರೀ, ಅವಳ ಗಂಡ ಶಿವಕುಮಾರಸ್ವಾಮಿ, ರುದ್ರಸ್ವಾಮಿಯವರು, ಪುಟ್ಟಮಲ್ಲಮ್ಮ, ಸಂಡಿಗೆಯ ಸಿಟ್ಟು ಪೂರ್ತಿ ಆರದ ಸುವರ್ಣಮ್ಮ. ಮೋಡದ ಆ ಫೋಟೋವನ್ನು ಶಾಂತಮೂರ್ತಿ ಕಂಪ್ಯೂಟರಿನಲ್ಲಿ ‘ಗೃಹಪ್ರವೇಶ’ ಎಂಬ ಹೆಸರಿನ ಫೋಲ್ಡರಿನಲ್ಲಿ ಬಚ್ಚಿಟ್ಟಿದ್ದ. ಅವನು ಕಾಫಿ ತರಲು ಪಕ್ಕಕ್ಕೆ ಹೋದಾಗ ಸುವರ್ಣಮ್ಮ, “ಯಾರ್ದವ್ವ ಗೃಹಪ್ರವೇಶ? ನಮ್ಗ ಕರ್ದೇ ಇಲ್ಲ” ಎಂದರು. ದೀಪಶ್ರೀ ಒತ್ತಿದಳು.

ಕಾಫಿ ಹಿಡಿದು ಬಂದ ಶಾಂತಮೂರ್ತಿಗೆ ಐದು ಜನರ ಬೆನ್ನು ಕಾಣಿಸಿತು. ಅದರಾಚೆ ಪರದೆಯ ತುಂಬ ಆ ಮೋಡ. ರುದ್ರಸ್ವಾಮಿಯವರು ಕನ್ನಡಕ ಹಾಕಿಕೊಂಡು, ಕೆಳಗಿದ್ದ ತಾರೀಖನ್ನೂ ಹೊತ್ತನ್ನೂ ಓದಿದರು. ಶಾಂತಮೂರ್ತಿ ಕಾಫಿ ಕೆಳಗಿಟ್ಟು, ಬೈಸಿಕೊಳ್ಳಲು ಸರಿಯಾಗಿ ನಿಂತುಕೊಂಡ.

“ಇದು ನಮ್ಮೂರ್ ಮ್ಯಾಲಿಂದಾ?”

“ಊಂ ಮಾವ.”

“ಹೂಗ್ಯಮ್ಮಿಂದ ತಗ್ದುದ್ದಾ?”

“ಊಂ.”

“ಇದ್ರಲ್ಲಿ ನಮ್ಮೂರು ಎಲ್ಲದ?”

ಶಾಂತಮೂರ್ತಿ ಮುಂದೆ ಬಂದು ಬೆರಳಿಟ್ಟ. “ಈ ಬೆಟ್ಟದ ಹಿಂದ್ಗಡೆ. ಸರಿಯಾಗಿ ಈ ಮಿಂಚಿನ ಕೆಳಗೆ.”

ಪುಟ್ಟಮಲ್ಲಮ್ಮ ಬಗ್ಗಿ ನೋಡಿದರು. “ಅಯ್ಯೋ ಶಿವನೆ, ಈ ಒತ್ನಲ್ಲೇ ಕಣವ್ವ ನಾನು ಪಾಯ್ಸದ್ ಹಂಡೆ ಮ್ಯಾಲ ಸೆರ್ಗು ಇಡ್ಕಂಡು ನಿಂತಿದ್ದುದ್ದು.”

“ನಾನು ಕೊಟ್ಟಿಗೇಲಿ ಇದ್ನಿ, ಎಮ್ಮೆ ಪಕ್ಕ” ಎಂದರು ಸುವರ್ಣಮ್ಮ, ಕೊಟ್ಟಿಗೆ ಎಲ್ಲಿರಬಹುದೆಂದು ಪರದೆಯ ಮೇಲೆ ಹುಡುಕುತ್ತ.

ದೀಪಶ್ರೀ ಗಂಡನ ಮುಖ ನೋಡಿದಳು. ಶಿವಕುಮಾರಸ್ವಾಮಿ ಕಿವಿ ಕೆಂಪಗೆ ಮಾಡಿಕೊಂಡು, “ನಾವಿಬ್ರೂ ಸ್ಟೇಜ್ ಕೆಳಗೆ ನುಗ್ಗಿದ್ವಿ” ಎಂದ. “ಅರ್ಧ ಗಂಟೆ ಅಲ್ಲೇ. ಮೊದಲ್ನೆ ಸಲ ಇಬ್ರೇ ಕೂತು ಮಾತಾಡಿದ್ದು ಆವಾಗ್ಲೇ.” ದೀಪಶ್ರೀ ಪರದೆಯ ಮೇಲೆ ಮಿಂಚು ನೆಲ ಮುಟ್ಟುವ ಜಾಗವನ್ನು ಬೆರಳಿನಿಂದ ಮುಟ್ಟಿದಳು. “ಭಾವ, ನನ್ ರಿಸೆಪ್ಷನ್ ಫೋಟೋ ಇದೇ. ಆಲ್ಬಮ್ಮಲ್ಲಿ ಮೊದಲ್ನೆ ಪೇಜಿಗೆ ಇದನ್ನ ಆಕಿ” ಎಂದಳು.

ರುದ್ರಸ್ವಾಮಿಯವರು ಇನ್ನೂ ನೋಡುತ್ತಲೇ ಇದ್ದರು. ಹಸಿರು ಚಪ್ಪರದ ಗಳ ಹಿಡಿದು ಕೊನೆಯವರೆಗೆ ಮಳೆಯಲ್ಲಿ ನಿಂತಿದ್ದವರು ಅವರೊಬ್ಬರೇ ಎಂದು ನಾಗಶ್ರೀ ಹೇಳಿದ್ದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಎಲ್ರೂ ಇದ್ದೀವಿ ಇದ್ರಲ್ಲಿ” ಎಂದರು. “ನೀವೊಬ್ರೇ ಇಲ್ವಲ್ಲ ಅಳಿಯಂದ್ರೆ.”

“ಫೋಟೋ ತೆಗ್ದೋನು ಫೋಟೋದಲ್ಲಿ ಇರಕ್ಕಾಗಲ್ಲ ಮಾವ.”

“ಅದೆಂಗ್ ಆಗಲ್ಲ? ಹಿರಿ ಅಳಿಯ ಇಲ್ದೆ ಮದ್ವ ಮಾಡುದ್ರು ಅನ್ನಲ್ವಾ ಜನ? ನಾನೇ ಕಳ್ಸಿದ್ದು, ನಾನೇ ಸೇರುಸ್ತೀನಿ. ಇದ್ರಲ್ಲಿ ಎಲ್ ಒತ್ತುದು ತೋರ್ಸಿ” ಎಂದು ಅವರು ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಮುಳ್ಳೂರಿಗೆ ಹೋದರೆ ಆಲ್ಬಮ್ಮನ್ನು ಈಗಲೂ ತೋರಿಸುತ್ತಾರೆ. ಮೊದಲ ಪುಟದಲ್ಲಿ ಮೋಡ, ಬೆಟ್ಟ, ಮಿಂಚು. ಬಲಗಡೆ ಕೆಳಮೂಲೆಯಲ್ಲಿ, ಫ್ಲೆಕ್ಸ್ ಬೋರ್ಡಿನಲ್ಲಿ ಶುಭ ಕೋರುವವರ ಮುಖ ಇರುವ ಹಾಗೆ, ದುಂಡನೆಯ ಚೌಕಟ್ಟಿನೊಳಗೆ ಶಾಂತಮೂರ್ತಿ. ಮಾವ ತೆಗೆದ ಆ ಫೋಟೋ ಅಲುಗಿದೆ, ಒಂದು ಕಣ್ಣು ಮುಚ್ಚಿದೆ. ಇನ್ನೊಂದು ತೆಗೆದು ಹಾಕೋಣ ಎಂದು ನಾಗಶ್ರೀ ಎಷ್ಟೋ ಸಲ ಹೇಳಿದಳು. ಶಾಂತಮೂರ್ತಿ ಒಪ್ಪಲಿಲ್ಲ.